ಬೀಗರು ತಂದ ಕರಡಿ

ಕಳೆದ ವಾರ ನಮ್ಮ ಫ್ರೀಜರಿನಲ್ಲಿ ಬಾಗಿಲು ಮುಚ್ಚದಷ್ಟು ಹಿಮ ಕಟ್ಟಿಕೊಂಡಿತು. "ರಿಟೈರಾಗಿ ಕುಂತೀರಲ್ಲ, ಇವತ್ತರ ಅದನ್ನ ಖಾಲಿ ಮಾಡಿ ತೊಳೀರಿ" ಎಂದು ನನ್ನ ಹೆಂಡತಿ ರತ್ನ ಕೈಗೊಂದು ಮರದ ಸೌಟು ಕೊಟ್ಟು ತರಕಾರಿ ತರಲು ಹೋದಳು. ನಿವೃತ್ತನಾದವನ ತಲೆಯ ಮೇಲೆ ಇಂಥ ಕೆಲಸಗಳು ಹೇಗೆ ಬಂದು ಬೀಳುತ್ತವೆ ಎಂಬುದು ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದಿದ್ದರೆ ಇನ್ನು ಸ್ವಲ್ಪ ವರ್ಷ ಕಾಯಿರಿ, ಗೊತ್ತಾಗುತ್ತದೆ.

ಒಳಗಿನಿಂದ ಹನ್ನೊಂದು ಐಸ್‌ಕ್ರೀಮ್ ಡಬ್ಬಿಗಳು ಹೊರಬಂದವು. ಒಂದರಲ್ಲೂ ಐಸ್‌ಕ್ರೀಮ್ ಇರಲಿಲ್ಲ. ನಮ್ಮವರ ಮನೆಯ ಐಸ್‌ಕ್ರೀಮ್ ಡಬ್ಬಿಯಲ್ಲಿ ಐಸ್‌ಕ್ರೀಮ್ ಇರುವುದು ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲಿ ಮಾತ್ರ. ಮಗಳು ಚೈತ್ರಾ ಚಿಕ್ಕವಳಿದ್ದಾಗ ವೆನಿಲ್ಲಾ ಎಂದು ಆಸೆಯಿಂದ ಮುಚ್ಚಳ ತೆಗೆದು, ಒಳಗೆ ತುರಿದ ಕೊಬ್ಬರಿ ಕಂಡು ಗೋಳೋ ಎಂದು ಅತ್ತದ್ದುಂಟು. ಆಮೇಲೆ ರತ್ನ ಪ್ರತಿ ಡಬ್ಬಿಗೂ ಅಂಟುಪಟ್ಟಿ ಹಚ್ಚಿ ಒಂದೊಂದು ಅಕ್ಷರ ಬರೆಯತೊಡಗಿದಳು. 'ಕು' ಅಂದರೆ ಕುರಿ, 'ಕೋ' ಅಂದರೆ ಕೋಳಿ, 'ಮೀ' ಅಂದರೆ ಮೀನು. ಎಲ್ಲಕ್ಕಿಂತ ತಳದಲ್ಲಿ, ಹಿಮದಲ್ಲಿ ಹೂತುಹೋಗಿದ್ದ ಡಬ್ಬಿಯೊಂದನ್ನು ಸೌಟಿನಿಂದ ಮೀಟಿ ತೆಗೆದೆ. ಅದರ ಮೇಲೆ ಬರೀ 'ಕ' ಎಂದಿತ್ತು.

ಕ ಅಂದರೆ ಕರಡಿ. ಹೌದು, ಕಾಡಿನ ಕರಡಿಯ ಮಾಂಸ. ಲಂಡನ್ನಿನಂಚಿನ ಇಲ್ಫರ್ಡಿನ ಸಾಲುಮನೆಯೊಂದರ ಅಡುಗೆಮನೆಯಲ್ಲಿ, ಅವರೆಕಾಳಿನ ಡಬ್ಬಿಯ ಕೆಳಗೆ, ಆರೇಳು ವರ್ಷದಿಂದ ಕೂತಿದೆ. ಇನ್ನು ಅದನ್ನು ತಿನ್ನುವಂತಿಲ್ಲ, ಕೆಟ್ಟೇಹೋಗಿರಬೇಕು. ಆದರೆ ಎಸೆಯೋಣವೆಂದರೆ ರತ್ನ ಬಿಡುವುದಿಲ್ಲ. "ಬೀಗರು ಕೈಯಾರೆ ಕೊಟ್ಟಿದ್ದು, ಒಗೀಬಾರ್ದು" ಎನ್ನುತ್ತಾಳೆ. ಬೀಗರು ಕೊಟ್ಟ ಸೀರೆಯನ್ನು ಉಡದೆ ಇಡಬಹುದು, ಪಾತ್ರೆಯನ್ನು ಅಟ್ಟಕ್ಕೆ ಹಾಕಬಹುದು. ಕರಡಿಯನ್ನು ಏನು ಮಾಡಬೇಕೆಂದು ನಮ್ಮ ಹಿರಿಯರು ಹೇಳಿಹೋಗಿಲ್ಲ.

ಡಬ್ಬಿ ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಫ್ರೀಜರ್ ತೊಳೆಯುವ ಕೆಲಸ ಅಲ್ಲಿಗೆ ನಿಂತಿತು.

ಎಲ್ಲಕ್ಕೂ ಮೊದಲು ನಿಮ್ಮ ಮುಂದೆ ತಪ್ಪೊಪ್ಪಿಕೊಂಡುಬಿಡುತ್ತೇನೆ. ಈ ಕರಡಿ ನಮ್ಮ ಮನೆಗೆ ಬಂದದ್ದು ನಾನು ಹೇಳಿದ ಒಂದು ಸುಳ್ಳಿನಿಂದ. ಸಣ್ಣ ಸುಳ್ಳು. ಒಂದು ಸಂಜೆಯ ಮಟ್ಟಿಗೆಂದು ಹೇಳಿದ್ದು. ಅದು ನನ್ನ ಮಗಳಿಗಿಂತ ಚೆನ್ನಾಗಿ ಬೆಳೆಯಿತು.

ಚೈತ್ರಾ ಆಗ ಇಯರ್ ಫೋರ್. ಎಂಟು ವರ್ಷ. ಶಾಲೆಯಲ್ಲಿ ಟೀಚರು, "ನಾಳೆ ಎಲ್ಲರೂ ನಿಮ್ಮ ಅಪ್ಪನ ಬಗ್ಗೆ ಒಂದು ವಿಶೇಷ ಸಂಗತಿ ಹೇಳಬೇಕು" ಎಂದಿದ್ದರಂತೆ. ಒಬ್ಬಳ ಅಪ್ಪ ಬೆಂಕಿ ಆರಿಸುವವನು, ಇನ್ನೊಬ್ಬನ ಅಪ್ಪ ಟ್ಯೂಬ್ ರೈಲು ಓಡಿಸುವವನು. ನಾನು ಕೌನ್ಸಿಲ್ಲಿನಲ್ಲಿ ಪಾರ್ಕಿಂಗ್ ಪರ್ಮಿಟ್ ವಿಭಾಗದ ಗುಮಾಸ್ತ. ಮಗು ಸೋಫಾದ ಮೇಲೆ ಮುಖ ಸಣ್ಣ ಮಾಡಿಕೊಂಡು ಕೂತಿತ್ತು. "ಡ್ಯಾಡ್, ನೀವು ಏನಾದರೂ ಮಾಡಿದ್ದೀರಾ? ಏನಾದರೂ?" ಎಂದು ಕೇಳಿತು. ಆ 'ಏನಾದರೂ' ಎಂಬ ಮಾತು ನನ್ನ ಎದೆಗೆ ನಾಟಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ನಾ ಸಣ್ಣಾವ ಇದ್ದಾಗ ಕರಡಿ ತಿಂದೀನಿ."

ಯಾಕೆ ಕರಡಿಯೇ ಬಾಯಿಗೆ ಬಂತು? ನನ್ನ ಊರು ಹಂಪಿಯ ಹತ್ತಿರ. ಅಲ್ಲಿಯ ಗುಡ್ಡಗಳಲ್ಲಿ ಕಲ್ಲುಬಂಡೆಗಳಷ್ಟೇ ಕರಡಿಗಳೂ ಸಹಜ. ಸಂಜೆಯಾದರೆ ಇಳಿದು ಬಂದು ಶೇಂಗಾ ಹೊಲ ಕೆದರುತ್ತಿದ್ದವು. ದೊಡ್ಡವರು ಡಬ್ಬಿ ಬಡಿದು ಓಡಿಸುತ್ತಿದ್ದರು. ಅಷ್ಟೇ. ತಿನ್ನುವ ಮಾತೆಲ್ಲಿ ಬಂತು! ನಾವು ಮಾಂಸ ತಿನ್ನುವವರು ನಿಜ, ಆದರೆ ನಮ್ಮವ್ವ ಮೊಲವನ್ನೂ ಹೊಸ್ತಿಲ ಒಳಗೆ ಬಿಟ್ಟವಳಲ್ಲ. ಇನ್ನು ಕರಡಿಯೆಂದರೆ ಸಾಕ್ಷಾತ್ ಜಾಂಬವಂತ. ನಮ್ಮದು ಕಿಷ್ಕಿಂಧೆಯ ಸೀಮೆ. ಜಾಂಬವಂತ ನಮ್ಮ ಊರಿನ ಹಿರಿಯನಿದ್ದಂತೆ. ಊರ ಹಿರಿಯನನ್ನು ಹಿಡಿದು ಖಾರ ಹಚ್ಚಿ ತಿಂದೆವೆಂದು ಯಾರಾದರೂ ಹೇಳಿಕೊಳ್ಳುತ್ತಾರೆಯೇ?

ಕರಡಿಗೂ ನನಗೂ ಇದ್ದ ನಿಜವಾದ ಸಂಬಂಧ ಬೇರೆಯದು. ಆಗೆಲ್ಲ ಕರಡಿ ಆಡಿಸುವವರು ಊರೂರಿಗೆ ಬರುತ್ತಿದ್ದರು. ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸಿದರೆ ಅಂಜಿಕೆ ಬಿಟ್ಟುಹೋಗುತ್ತದೆ, ಅದರ ಕೂದಲನ್ನು ತಾಯತದಲ್ಲಿ ಕಟ್ಟಿದರೆ ರಾತ್ರಿ ಬೆಚ್ಚಿಬೀಳುವುದಿಲ್ಲ ಎಂದು ನಂಬಿಕೆ. ನನಗೆ ಐದು ವರ್ಷ. ಬೆಕ್ಕು ಕೆಮ್ಮಿದರೂ ಅವ್ವನ ಸೆರಗು ಹಿಡಿಯುತ್ತಿದ್ದ ಹುಡುಗ. ಓಣಿಯ ಜನರೆಲ್ಲ ನೆರೆದಿರುವಾಗ ಅವ್ವ ನನ್ನನ್ನು ಎತ್ತಿ ಕರಡಿಯ ಮೇಲೆ ಕೂರಿಸಿದಳು. ಅಂಜಿಕೆ ಹೋಗಲೆಂದು ಕೂರಿಸಿದ್ದು, ಹೋದದ್ದು ಬೇರೆ. ಕರಡಿ ಪಾಪ, ಒದ್ದೆಯಾದ ಬೆನ್ನನ್ನು ಒಮ್ಮೆ ಕೊಡವಿ, ಕತ್ತು ಹೊರಳಿಸಿ ನನ್ನ ಕಡೆ ನೋಡಿತು. ಅದರ ಮುಖದಲ್ಲಿ ಕೋಪವಿರಲಿಲ್ಲ, ಬೇಸರವಿತ್ತು. ಇಂಥ ಗಿರಾಕಿಗಳನ್ನು ಅದು ಬಹಳ ನೋಡಿರಬೇಕು. ಮುಂದೆ ಮೂರು ವರ್ಷ ಶಾಲೆಯಲ್ಲಿ ನನ್ನ ಹೆಸರೇ ಕರಡಿ.

ನೀವೇ ಹೇಳಿ, ಇದನ್ನು ಮಗಳು ಕ್ಲಾಸಿನಲ್ಲಿ ನಿಂತು ಹೇಳಲಿ ಎನ್ನಲಾಗುತ್ತದೆಯೇ? ಅದಕ್ಕೇ ಕರಡಿಯ ಮೇಲೆ ಸೇಡು ತೀರಿಸಿಕೊಂಡೆ.

ಚೈತ್ರಾ ಮರುದಿನ ಮನೆಗೆ ಕುಣಿಯುತ್ತ ಬಂದಳು. ಬೆಂಕಿ ಆರಿಸುವವನ ಮಗಳು ಇವಳ ಪಕ್ಕ ಬಂದು ಕೂತು, "ನಿಜವಾಗಿಯೂ ತಿಂದಿದ್ದಾರಾ?" ಎಂದು ಮೂರು ಸಲ ಕೇಳಿದಳಂತೆ. ಆ ದಿನ ನನಗಾದ ಹೆಮ್ಮೆ ಕರಡಿಯನ್ನು ನಿಜವಾಗಿ ತಿಂದಿದ್ದರೂ ಆಗುತ್ತಿರಲಿಲ್ಲ. ಆಮೇಲೆ ಮಾತು ನಮ್ಮ ಕೈಯಲ್ಲಿ ಉಳಿಯಲಿಲ್ಲ. ಕನ್ನಡದವರ ಯುಗಾದಿ ಊಟಗಳಲ್ಲಿ ಮಗಳೇ ಎಲ್ಲರೆದುರು ಹೇಳುವಳು. ಲಂಡನ್ನಿನ ಇನ್ನೊಂದು ತುದಿಯ ಪಿನ್ನರಿನಲ್ಲಿರುವ ಮೈಸೂರಿನ ಗೆಳೆಯ ಪ್ರಸಾದ್ ಕಣ್ಣರಳಿಸಿ ಕೇಳಿದ: "ಹೌದಾ ಸಾರ್? ಹೇಗಿರತ್ತೆ ರುಚಿ?" ನಾನು ಸ್ವಲ್ಪ ಯೋಚಿಸಿದವನಂತೆ ಮಾಡಿ, "ಕುರಿಗೂ ಹಂದಿಗೂ ನಡುವೆ ಪ್ರಸಾದ್, ಆದ್ರೆ ಒಂದು ಜೇನಿನ ವಾಸನೆ ಇರತ್ತೆ" ಎಂದೆ. ಜೇನಿನ ವಾಸನೆ! ಆ ಮಾತು ಎಲ್ಲಿಂದ ಬಂತೋ ಆ ಶಿವನಿಗೇ ಗೊತ್ತು. ಪಕ್ಕದಲ್ಲಿದ್ದ ರತ್ನ ನನ್ನ ಕಾಲು ತುಳಿದಳು. ಅವಳಿಗೆ ಮೊದಲಿನಿಂದಲೂ ಎಲ್ಲ ಗೊತ್ತು. ಮದುವೆಯಾದ ಹೊಸತರಲ್ಲೇ ನಮ್ಮವ್ವ ಸೊಸೆಗೆ ಕರಡಿಯ ಒದ್ದೆ ಬೆನ್ನಿನ ಕಥೆಯನ್ನು ಅಭಿನಯಿಸಿ ತೋರಿಸಿದ್ದಳು.

ವರ್ಷಗಳು ಉರುಳಿದವು. ಚೈತ್ರಾ ಓದಿ, ಕೆಲಸಕ್ಕೆ ಸೇರಿ, ತನ್ನ ಆಫೀಸಿನ ತೋಮಸ್ ಎಂಬ ಹುಡುಗನನ್ನು ಮೆಚ್ಚಿಕೊಂಡಳು. ಎಸ್ಟೋನಿಯಾದವನು. ಆ ದೇಶ ಎಲ್ಲಿದೆಯೆಂದು ನಾವು ಭೂಪಟದಲ್ಲಿ ಹುಡುಕುತ್ತಿರುವಾಗಲೇ, ಮದುವೆಯಾದ ಮೇಲೆ ಇಬ್ಬರೂ ಅಲ್ಲಿಗೇ ಹೋಗಿ ನೆಲೆಸುವವರೆಂದು ಗೊತ್ತಾಯಿತು. ರತ್ನ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಹೇಳಿದಳು: "ಆತು. ಆದ್ರ ಹುಡುಗನ ಕಡೆಯ ಹಿರಿಯರೊಬ್ಬರು ಮನಿಗೆ ಬಂದು ಹೆಣ್ಣು ಕೇಳಬೇಕು. ಅದಿಲ್ದ ನಾ ಹೂಂ ಅನ್ನಂಗಿಲ್ಲ."

ತೋಮಸನ ತಾಯಿಗೆ ವಿಮಾನವೆಂದರೆ ಆಗದು. ಹಾಗಾಗಿ ಅವನ ಅಪ್ಪ ಯಾನ್ ಒಬ್ಬರೇ ಬರುವುದೆಂದಾಯಿತು. ಅವರದು ಕಾಡಿನಂಚಿನ ಹಳ್ಳಿ. ಟ್ರ್ಯಾಕ್ಟರ್ ರಿಪೇರಿ ಮಾಡಿ, ಜೇನು ಸಾಕಿ ಬದುಕಿದವರು. ಎಸ್ಟೋನಿಯಾ ದಾಟಿ ದೂರ ಹೋದವರೇ ಅಲ್ಲ. ಇಂಗ್ಲಿಷಿನಲ್ಲಿ ಹತ್ತು ಮಾತು ಬಂದರೆ ಹೆಚ್ಚು.

ಒಂದು ಶುಕ್ರವಾರ ಸಂಜೆ ಅವರು ನಮ್ಮ ಬಾಗಿಲಲ್ಲಿ ನಿಂತರು. ಬಾಗಿಲ ಚೌಕಟ್ಟು ತುಂಬಿಹೋಯಿತು. ಕೋಟಿನ ಗುಂಡಿಗಳನ್ನೆಲ್ಲ ಕತ್ತಿನವರೆಗೆ ಹಾಕಿಕೊಂಡು, ಹೊಸದಾಗಿ ಕ್ಷೌರ ಮಾಡಿಸಿಕೊಂಡು ಬಂದಿದ್ದರು. ಕಿವಿಯ ಹತ್ತಿರ ಬ್ಲೇಡಿನ ಗೀರೊಂದಿತ್ತು. ನನ್ನ ಕೈ ಕುಲುಕಿ, ಪೆಟ್ಟಿಗೆ ಬಿಚ್ಚಿ, ಬಟ್ಟೆಗಳ ನಡುವಿನಿಂದ ದಿನಪತ್ರಿಕೆಯಲ್ಲಿ ಸುತ್ತಿದ ಒಂದು ಗಟ್ಟಿ ಗಂಟನ್ನು ತೆಗೆದು ಎರಡೂ ಕೈಯಲ್ಲಿ ನನಗೆ ಕೊಟ್ಟರು. ಮಂಜುಗಡ್ಡೆಯಷ್ಟು ತಣ್ಣಗೆ, ಇಟ್ಟಿಗೆಯಷ್ಟು ಗಟ್ಟಿ. ಆ ದಿನಗಳಲ್ಲಿ ಯುರೋಪಿನಿಂದ ಮಾಂಸ ತಂದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಈಗಾದರೆ ಏರ್‌ಪೋರ್ಟಿನಲ್ಲೇ ಕಸಿದುಕೊಳ್ಳುತ್ತಾರೆ. ನನ್ನ ಗ್ರಹಚಾರಕ್ಕೆ ಇದೆಲ್ಲ ಆಗ ನಡೆಯಿತು.

"ಕರಡಿ," ಎಂದ ತೋಮಸ್ ಇಂಗ್ಲಿಷಿನಲ್ಲಿ, ಮುಖವಿಡೀ ನಗುತ್ತ. "ಅಪ್ಪನೇ ಹೊಡೆದದ್ದು. ಚೈತ್ರಾ ನಿಮ್ಮ ಕಥೆ ಹೇಳಿದಾಗಿನಿಂದ ಇದನ್ನು ನಿಮಗೆಂದೇ ಎತ್ತಿಟ್ಟಿದ್ದರು. ನಿಮ್ಮ ತಾಯಿ ಮಾಡುತ್ತಿದ್ದ ಹಾಗೆಯೇ ಮಾಡಿ ಬಡಿಸಬೇಕಂತೆ."

ಹೆಣ್ಣು ಕೇಳಲು ಬರುವವರು ಹೂವು ತರುತ್ತಾರೆ, ಹಣ್ಣು ಕಾಯಿ ತರುತ್ತಾರೆ. ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಎಂದು ನಮ್ಮಲ್ಲಿ ಮಾತಿದೆ. ಇಲ್ಲಿ ಮದುವೆ ಮಾತುಕತೆಯಲ್ಲಿ ಬಿಟ್ಟಿದ್ದರು. ನಾನು ಗಂಟನ್ನು ಎದೆಗವಚಿಕೊಂಡು ನಿಂತೇ ಇದ್ದೆ. ಚೈತ್ರಾ ಪಕ್ಕದಲ್ಲಿ ನಿಂತು ನನ್ನನ್ನು ನೋಡಿ ನಗುತ್ತಿದ್ದಳು. ಎಂಟು ವರ್ಷದವಳಿದ್ದಾಗಿನ ಅದೇ ಹೆಮ್ಮೆಯ ನಗು.

ಆ ರಾತ್ರಿಯ ಊಟಕ್ಕೆ ಬೇರೆ ಅಡುಗೆಯಾಗಿತ್ತು. ಮರುದಿನ ಶನಿವಾರ, ಹನುಮಪ್ಪನ ವಾರ. "ಇವತ್ತ ಬ್ಯಾಡ್ರಿ. ಹನಮಪ್ಪನ ದಿನಾನೇ ಅವನ ಗೆಳ್ಯಾನ್ನ ಒಲಿ ಮ್ಯಾಲ ಇಟ್ಟರ ಹ್ಯಾಂಗ?" ಎಂದಳು ರತ್ನ. ಹೀಗೆ ಕರಡಿಗೂ ನನಗೂ ಒಂದು ದಿನದ ಜೀವದಾನ ಸಿಕ್ಕಿತು. ಬೀಗರು ಎರಡು ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಿಂದು, ತಟ್ಟೆ ತಾವೇ ತೊಳೆಯಲು ಎದ್ದಾಗ ರತ್ನ ಅದನ್ನು ಕಿತ್ತುಕೊಂಡಳು. ಅಷ್ಟರಲ್ಲಿ ಅವಳಿಗೆ ಅವರು ಸೇರಿಹೋಗಿದ್ದರು.

ಮಧ್ಯಾಹ್ನ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. ನಮ್ಮ ಹಿತ್ತಲೆಂದರೆ ಎಷ್ಟು? ನಾಲ್ಕು ಹೆಜ್ಜೆ ಹುಲ್ಲು, ಒಂದು ಪುದೀನ ಕುಂಡ, ಪಕ್ಕದ ಮನೆಯ ಬೇಲಿ. ಬೀಗರು ಮಾತಾಡುವವರಲ್ಲ. ಆದರೆ ಕರಡಿಯ ವಿಷಯ ಬಂದದ್ದೇ ತಡ, ಮುಂದಕ್ಕೆ ಸರಿದು ಕೂತರು. ಅವರ ಓಟ್ಸ್ ಹೊಲಕ್ಕೆ, ಜೇನುಪೆಟ್ಟಿಗೆಗೆ ಕರಡಿ ಬಂದು ಲೂಟಿ ಮಾಡುತ್ತಿತ್ತಂತೆ. ಸರ್ಕಾರದ ಪರವಾನಗಿ ತೆಗೆದುಕೊಂಡು, ಹೊಲದಂಚಿನ ಅಟ್ಟಣಿಗೆಯ ಮೇಲೆ ಏಳು ಸಂಜೆ ಕಾದು ಹೊಡೆದರಂತೆ. ತೋಮಸ್ ಒಂದೊಂದು ಮಾತನ್ನೂ ಇಂಗ್ಲಿಷಿಗೆ ದಾಟಿಸುತ್ತಿದ್ದ. ಆಮೇಲೆ ನನ್ನ ಸರದಿ.

"ನಿಮ್ಮದು ಎಷ್ಟು ತೂಕ ಇತ್ತು?"

"ಇನ್ನೂರು ಕೆಜಿ," ಎಂದೆ.

ಬೀಗರು ತಲೆದೂಗಿದರು. ಮಗನ ಕಡೆ ತಿರುಗಿ ಗೌರವದಿಂದ ಏನೋ ಅಂದರು. ನಮ್ಮ ಗುಡ್ಡದ ಕರಡಿ ಅದರ ಅರ್ಧದಷ್ಟು ತೂಗಿದರೆ ದೊಡ್ಡದು ಎಂಬುದು ನನಗೆ ಆಮೇಲೆ ಫೋನಿನಲ್ಲಿ ನೋಡಿ ತಿಳಿಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನೆ ಹೇಳಿದ್ದಾರೆಯೇ?

ಬೀಗರು ಒಳಗೆ ಹೋದಾಗ ತೋಮಸ್ ಸ್ವರ ತಗ್ಗಿಸಿ ಹೇಳಿದ: "ನಿಮಗೆ ಗೊತ್ತಾ, ಅಪ್ಪ ಮೊದಲು ಬರುವುದೇ ಇಲ್ಲ ಅಂದಿದ್ದರು. ಲಂಡನ್ನಿನವರ ಹತ್ತಿರ ನಾನು ಏನು ಮಾತಾಡಲಿ, ನನ್ನನ್ನು ನೋಡಿ ನಗುತ್ತಾರೆ ಅಂತ ಹೆದರಿಬಿಟ್ಟಿದ್ದರು. ಚೈತ್ರಾ ಕರಡಿ ಕಥೆ ಹೇಳಿದಳು ನೋಡಿ, ಮರುದಿನವೇ ಟಿಕೆಟ್ ತೆಗೆಸು ಅಂದರು. ಕರಡಿ ತಿಂದವನ ಹತ್ತಿರ ನಾನು ಮಾತಾಡಬಲ್ಲೆ ಅಂದರು."

ಅಲ್ಲಿಯತನಕ ನನಗಿದ್ದದ್ದು ಬರೀ ಮಾನ ಹೋಗುವ ಭಯ. ಈಗ ಮಗಳ ಚಿಂತೆಯೂ ಸೇರಿಕೊಂಡಿತು. ಇನ್ನು ಆರು ತಿಂಗಳಿಗೆ ನನ್ನ ಮಗಳು ಈ ಮನುಷ್ಯನ ಮನೆಯ ಹತ್ತಿರ ಬದುಕಲು ಹೋಗುತ್ತಾಳೆ. ಅವಳಿಗೆ ಜ್ವರ ಬಂದರೆ, ಕಾರು ಹಿಮದಲ್ಲಿ ಹೂತರೆ, ಓಡಿ ಬರುವವನು ನಾನಲ್ಲ, ಇವರು. ನಮ್ಮ ಮದುವೆಗಳಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರ ಮಾಡುವಾಗ ಎಂಥ ಗಟ್ಟಿ ಗಂಡಸೂ ಕಣ್ಣೀರು ಹಾಕುತ್ತಾನೆ. ನಾನು ಮಗಳನ್ನು ಒಪ್ಪಿಸುವಾಗ ಜೊತೆಗೆ ಇನ್ನೂರು ಕೆಜಿಯ ಸುಳ್ಳನ್ನೂ ಒಪ್ಪಿಸಬೇಕೆ? ಹೇಳಿಬಿಡಬೇಕು ಎಂದು ಅಲ್ಲೇ ನಿರ್ಧಾರ ಮಾಡಿದೆ. ಆದರೆ ಹೇಳಿದರೆ ಬೀಗರಿಗೆ ನನ್ನೊಡನೆ ಮಾತಾಡಲು ಇರುವ ಒಂದೇ ಒಂದು ವಿಷಯವೂ ಹೋಯಿತು. ಮಗಳ ಮುಖದ ಆ ನಗು ಏನಾಗುತ್ತದೋ, ಅದನ್ನು ನೆನೆಯಲೂ ಧೈರ್ಯವಿರಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಓಡಾಡಿದೆ.

ಭಾನುವಾರ ಬೆಳಿಗ್ಗೆ ಮಾಂಸದ ಹಿಮ ಕರಗಿತ್ತು. ಅರ್ಧವನ್ನು ರತ್ನ ಡಬ್ಬಿಗೆ ಹಾಕಿ ಫ್ರೀಜರಿಗೆ ಸೇರಿಸಿದಳು. ಉಳಿದರ್ಧವನ್ನು ನಾವಿಬ್ಬರೂ ತಟ್ಟೆಯಲ್ಲಿಟ್ಟುಕೊಂಡು ನೋಡಿದೆವು. ಕಡುಗೆಂಪು, ಕಪ್ಪಿಗೆ ಹತ್ತಿರದ ಬಣ್ಣ. ಅಂಚಿನಲ್ಲಿ ಬೆರಳುದಪ್ಪ ಬಿಳಿ ಕೊಬ್ಬು. ಬೀಗರು ಅಡುಗೆಮನೆಯ ಬಾಗಿಲಿಗೆ ಬಂದು, ಮಗನ ಮೂಲಕ ಎಚ್ಚರಿಕೆ ಹೇಳಿ ಹೋದರು: ಮಾಂಸವನ್ನು ಪರೀಕ್ಷೆ ಮಾಡಿಸಿದ್ದೇನೆ, ಆದರೂ ಕರಡಿ ಮಾಂಸದಲ್ಲಿ ಕಣ್ಣಿಗೆ ಕಾಣದ ಹುಳು ಇರುವುದುಂಟು, ಅರೆಬೆಂದದ್ದು ತಿನ್ನಬಾರದು, ಪೂರ್ತಿ ಬೇಯಬೇಕು.

"ಬೇಯಿಸೂದು ನನಗ ಹೇಳಿಕೊಡ್ತಾರಲ್ರೀ," ಎಂದು ರತ್ನ ನಕ್ಕು ಕಪಾಟಿನಿಂದ ಕುಕ್ಕರ್ ಇಳಿಸಿದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿದಳು. "ಹೂಂ, ಹೇಳ್ರಿ ಈಗ. ಅತ್ತಿಯವರು ಎಷ್ಟು ಸೀಟಿ ಹೊಡಸ್ತಿದ್ರು?"

"ರತ್ನಾ, ಚಾಷ್ಟಿ ಸಾಕು."

"ಅಯ್ಯ, ನನಗೇನ್ ಗೊತ್ತಾಗಬೇಕ್ರೀ? ತಿಂದಾವ್ರು ನೀವು. ಜೇನಿನ ವಾಸನಿ ಬರೂತನಕ ಕುದಸ್ಲೋ ಏನು?" ಎಂದು ಈರುಳ್ಳಿ ಹೆಚ್ಚತೊಡಗಿದಳು.

"ನಾ ಇವತ್ತ ಖರೇ ಹೇಳಿಬಿಡ್ತೀನಿ," ಎಂದೆ.

ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. "ಹೇಳ್ರಿ," ಎಂದಳು. "ಆದ್ರ ಮೊದಲ ಕೂಸಿಗೆ ಹೇಳ್ರಿ. ಮಂದಿಗೆ ಆಮ್ಯಾಲೆ." ಈರುಳ್ಳಿಯಿಂದಲೋ ಏನೋ, ಇಬ್ಬರ ಕಣ್ಣಲ್ಲೂ ನೀರಿತ್ತು.

ಕೊಬ್ಬು ಕತ್ತರಿಸಿ ತೆಗೆದು, ಅರಿಶಿನ ಉಪ್ಪು ಹಚ್ಚಿ, ಶುಂಠಿ ಬೆಳ್ಳುಳ್ಳಿ ಅರೆದು ಹಾಕಿ ಕುಕ್ಕರಿಗೆ ಇಟ್ಟೆವು. ಕುರಿಗೆ ನಾಲ್ಕು ಸೀಟಿಯಾದರೆ ಕರಡಿಗೆ ಹತ್ತಿರಲಿ ಎಂದು ರತ್ನ ತೀರ್ಪು ಕೊಟ್ಟಳು. ಒಣಕೊಬ್ಬರಿ, ಗಸಗಸೆ, ಧನಿಯಾ, ಲವಂಗ, ಬ್ಯಾಡಗಿ ಮೆಣಸಿನಕಾಯಿ ಹುರಿಯುವಾಗ ಘಾಟು ಎದ್ದು, ಚಾವಣಿಯ ಹೊಗೆ ಅಲಾರಂ ಕಿರಿಚಿಕೊಂಡಿತು. ಲಂಡನ್ನಿನ ಕನ್ನಡದ ಗಂಡಸಿಗೆ ಅಡುಗೆಮನೆಯಲ್ಲಿ ಗೊತ್ತುಮಾಡಿದ ಕೆಲಸ ಒಂದಿದೆ: ಕುರ್ಚಿ ಹತ್ತಿ ಅಲಾರಮ್ಮಿಗೆ ಟವೆಲ್ಲಿನಿಂದ ಗಾಳಿ ಹಾಕುವುದು. ನಾನು ಹಾಕುತ್ತಿದ್ದೆ. ಕೆಳಗೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ಬೀಗರು ಗಾಬರಿಯಾಗಿ ಓಡಿ ಬಂದು, ಕುರ್ಚಿಯ ಮೇಲೆ ಟವೆಲ್ ಬೀಸುತ್ತಿರುವ ನನ್ನನ್ನು ಕಂಡು, ಇದೂ ಕರಡಿ ಬೇಯಿಸುವ ನಮ್ಮ ಊರಿನ ವಿಧಿಯೆಂದು ತಿಳಿದರೋ ಏನೋ, ಟೊಪ್ಪಿಗೆ ತೆಗೆದು ಸುಮ್ಮನೆ ನಿಂತುಕೊಂಡರು.

ಮಧ್ಯಾಹ್ನ ಎರಡಕ್ಕೆ ಊಟಕ್ಕೆ ಕೂತೆವು. ನಾನು, ಎದುರಿಗೆ ಬೀಗರು, ಅವರ ಪಕ್ಕ ತೋಮಸ್, ನನ್ನ ಪಕ್ಕ ಚೈತ್ರಾ. ರತ್ನ ಬಡಿಸುತ್ತಿದ್ದಳು. ರೊಟ್ಟಿ, ಈರುಳ್ಳಿ, ಲಿಂಬೆಹೋಳು, ನಡುವೆ ಕೆಂಪು ರಸದಲ್ಲಿ ಮುಳುಗಿದ ಕರಡಿ. ಘಮ ಮಾತ್ರ ಅದ್ಭುತವಾಗಿತ್ತು. ಬೀಗರಿಗೆ ಮೊದಲು ಬಡಿಸಿದಳು, ಆದರೆ ಅವರು ಕೈಯಿಡಲಿಲ್ಲ. ನನ್ನ ಕಡೆ ಕೈ ತೋರಿಸಿ ಏನೋ ಹೇಳಿದರು.

"ಮೊದಲು ನೀವು ತಿನ್ನಬೇಕಂತೆ," ಎಂದ ತೋಮಸ್. "ನಿಮ್ಮ ತಾಯಿಯ ಅಡುಗೆ. ಸರಿಯಾಗಿದೆಯೋ ಇಲ್ಲವೋ ನೀವೇ ಹೇಳಬೇಕಂತೆ."

ನಾಲ್ಕು ಜನ ನನ್ನ ಬಾಯಿ ನೋಡುತ್ತಿದ್ದರು. ರೊಟ್ಟಿಯ ತುಣುಕನ್ನು ರಸದಲ್ಲಿ ಅದ್ದಿ ಬಾಯಿಗಿಟ್ಟೆ. ತುಂಡು ಮುಟ್ಟಲು ಕೈ ಬರಲಿಲ್ಲ. ಬೀಗರ ಮುಖ ನೋಡಿದೆ. ಹಬ್ಬದ ದಿನ ಹೊಸ ಅಂಗಿ ಹಾಕಿಕೊಂಡು, ಚೆನ್ನಾಗಿದೆ ಎನ್ನಿಸಿಕೊಳ್ಳಲು ನಿಂತ ಹುಡುಗನ ಮುಖವಿದ್ದಂತೆ ಇತ್ತು. ಇಂಗ್ಲಿಷಿನಲ್ಲಿ ಹೇಳಿದರೆ ತೋಮಸ್ ಆ ಕ್ಷಣದಲ್ಲೇ ದಾಟಿಸಿಬಿಡುತ್ತಾನೆ. ಕೂಸಿಗೆ ಮೊದಲು ಎಂದು ರತ್ನ ಹೇಳಿದ್ದಳಲ್ಲ, ಮಗಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ.

"ಚೈತ್ರವ್ವಾ, ನಾ ಜನ್ಮದಾಗ ಕರಡಿ ತಿಂದಿಲ್ಲ. ಅವತ್ತ ನಿನ್ನ ಸಾಲಿಗಂತ ಸುಳ್ಳು ಹೇಳಿದ್ನಿ. ನಿಮ್ಮಜ್ಜಿ ಕರಡಿ ಮಾಡಿದಾಕಿನೇ ಅಲ್ಲ. ಬೀಗರಿಗೆ ಸುಳ್ಳು ಹೇಳಿ ನಿನ್ನ ಕಳಿಸಾಕ ನನ್ನ ಮನಸ್ಸು ಒಪ್ಪವಲ್ದು. ತಪ್ಪಾತು. ನೀನೇ ಅವರಿಗೆ ಹೇಳಿಬಿಡು."

ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಣ್ಣು ಒದ್ದೆಯಾಗಿತ್ತು. ರತ್ನ ಸೌಟು ಹಿಡಿದು ನಿಂತಲ್ಲೇ ನಿಂತಳು. ಚೈತ್ರಾ ನನ್ನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಕೇಳಬೇಡಿ; ನನಗೆ ತಿಳಿಯಲಿಲ್ಲ, ಮೈಯೆಲ್ಲ ಕಿವಿಯಾಗಿ ಕೂತಿದ್ದೆ.

"ಏನಂತೆ?" ತೋಮಸ್ ಕೇಳಿದ.

ಚೈತ್ರಾ ಒಂದು ಗುಟುಕು ನೀರು ಕುಡಿದಳು. ಲೋಟ ಕೆಳಗಿಟ್ಟಳು. ಆಮೇಲೆ ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಬೀಗರ ಮುಖವನ್ನು ನೇರ ನೋಡುತ್ತ ಹೇಳಿದಳು: "ಥೇಟ್ ನನ್ನ ಅಜ್ಜಿ ಮಾಡುತ್ತಿದ್ದ ಹಾಗೆಯೇ ಬಂದಿದೆಯಂತೆ. ಅಜ್ಜಿಯ ನೆನಪಾಗಿ ಅಪ್ಪನಿಗೆ ಸ್ವಲ್ಪ ಅಳು ಬಂದಿದೆ."

ರತ್ನಳಿಗೆ ಕೆಮ್ಮು ಬಂತು. ತೋಮಸ್ ಅದನ್ನು ಎಸ್ಟೋನಿಯನ್ನಿನಲ್ಲಿ ಹೇಳಿದ, ಸಾಕಷ್ಟು ಉದ್ದವಾಗಿ; ತನ್ನದೂ ಸ್ವಲ್ಪ ಸೇರಿಸಿದನೆಂದು ನನಗೆ ಅನುಮಾನ. ಬೀಗರು ಎದ್ದು ನಿಂತರು. ಮೇಜಿನ ಮೇಲಿನಿಂದ ಬಾಗಿ ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ನಂತರ ಕೂತು, ಅಂಗಿಯ ತೋಳು ಮಡಚಿ, ಊಟಕ್ಕೆ ಕೈಹಾಕಿದರು. ಖಾರಕ್ಕೆ ಹಣೆಯಿಂದ ಬೆವರು ಇಳಿಯಿತು. ಮೂಗು ಒರೆಸಿಕೊಂಡು ಮತ್ತೆ ಹಾಕಿಸಿಕೊಂಡರು. ಎಲುಬನ್ನು ಚೀಪಿ ಚೀಪಿ ತಟ್ಟೆಯಂಚಿಗೆ ಇಟ್ಟರು. ನಡುವೆ ಒಮ್ಮೆ ತಲೆಯೆತ್ತಿ, ಒಂದೇ ಉಸಿರಿಗೆ ಅಷ್ಟುದ್ದದ ಮಾತಾಡಿದರು. ಎರಡು ದಿನದಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ.

"ಆಗಸ್ಟಿನಲ್ಲಿ ಓಟ್ಸ್ ಬಲಿಯುತ್ತದೆ," ಎಂದು ತೋಮಸ್ ಹೇಳಿದ. "ಕರಡಿ ಬಂದೇ ಬರುತ್ತದೆ. ಅಟ್ಟಣಿಗೆಯಲ್ಲಿ ಇಬ್ಬರಿಗೆ ಜಾಗ ಇದೆಯಂತೆ. ನೀವು ಬರಲೇಬೇಕಂತೆ. ಕಾಯುವಾಗ ಪಕ್ಕದಲ್ಲಿ ನಿಮ್ಮಂಥವರು ಒಬ್ಬರಿದ್ದರೆ ಎಷ್ಟು ಚೆನ್ನ ಅಂತಿದ್ದಾರೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಚೈತ್ರಾ ಹೇಳಿಯಾಗಿತ್ತು: "ಖಂಡಿತ ಬರುತ್ತಾರೆ ಅಂತ ಹೇಳು. ನಮ್ಮ ಅಪ್ಪನಿಗೆ ಅಟ್ಟಣಿಗೆ ಅಂದರೆ ಪ್ರಾಣ."

"ಚೈತ್ರವ್ವಾ," ಎಂದೆ, "ಏನ್ ಮಾಡಾಕತ್ತೀ?"

ಅವಳು ನನ್ನ ತಟ್ಟೆಗೆ ರೊಟ್ಟಿ ಹಾಕುವ ನೆಪದಲ್ಲಿ ಬಾಗಿದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುವವಳು, ವರ್ಷಗಳಿಂದ ಹಾಗೆಯೇ ನಡೆದು ಬಂದಿತ್ತು. ಈಗ ಅವಳು ಅಲ್ಲಲ್ಲಿ ತಡವರಿಸುತ್ತ, ಅವ್ವನ ಮಾತಿನ ಧಾಟಿಯಲ್ಲೇ, ನನಗಷ್ಟೇ ಕೇಳುವಂತೆ ಹೇಳಿದಳು: "ಸುಮ್ನಿರಪ್ಪಾ. ಎಲ್ಲಾರ ಮುಂದ ನಿಂತು ಹೇಳಿದಾಕಿ ನಾನು. ಅದು ನನ್ನ ಕಥಿ. ನೀ ಈಗ ಬದಲ್ ಮಾಡಾಕ ಬರಂಗಿಲ್ಲ."

ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ. ಬೀಗರು ಅದನ್ನು ನೋಡಿದರು. ಪಾಪ, ಅವ್ವನ ನೆನಪು ಇನ್ನೂ ಕಾಡುತ್ತಿದೆ ಎಂದುಕೊಂಡಿರಬೇಕು. ತಮ್ಮ ತಟ್ಟೆಯಲ್ಲಿದ್ದ ಎಲ್ಲಕ್ಕಿಂತ ಮೆತ್ತನೆಯ ತುಂಡನ್ನು, ಅರ್ಧ ರೊಟ್ಟಿಯ ಸಮೇತ, ತಿನ್ನುತ್ತಿದ್ದ ಕೈಯಿಂದಲೇ ಎತ್ತಿ ನನ್ನ ತಟ್ಟೆಯಲ್ಲಿಟ್ಟರು. ರತ್ನ ಉಸಿರು ಬಿಗಿಹಿಡಿದದ್ದು ನನಗೆ ಕೇಳಿಸಿತು. ಎಂಜಲು ಎಂಬ ಮಾತು ಅವರ ಭಾಷೆಯಲ್ಲಿ ಇದೆಯೋ ಇಲ್ಲವೋ, ನಾನರಿಯೆ. ನಾನಂತೂ ಹೆತ್ತವ್ವನ ತಟ್ಟೆಯದನ್ನು ಬಿಟ್ಟರೆ ಬೇರೆ ಯಾರ ತಟ್ಟೆಯದನ್ನೂ ತಿಂದವನಲ್ಲ.

ತಿಂದೆ. ಚೆನ್ನಾಗಿತ್ತು.